ದನಿಯಿಲ್ಲದ ಗೆರೆ

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಬತ್ತದ ಹೊಟ್ಟಿನ ವಾಸನೆ ಬಂತು, ಅಂದರೆ ಬಸ್ಸು ರೈಸ್‌ಮಿಲ್ ದಾಟುತ್ತಿದೆ, ರಾಯಚೂರು ಮುಗಿಯಿತು, ಮಾಸ್ತರ ನೌಕರಿಯ ಪರೀಕ್ಷೆಯೂ ಮುಗಿಯಿತು, ತಾಯಣ್ಣನ ತಲೆಯಲ್ಲಿ ಆ ಒಂದು ಪ್ರಶ್ನೆ ಮಾತ್ರ ಮುಗಿಯುತ್ತಿಲ್ಲ — ಪರಿಹಾರ ಬೋಧನೆಯ ಹಂತಗಳನ್ನು ವಿವರಿಸಿ, ಹತ್ತು ಅಂಕ, ಉತ್ತರ ಬರೆದುಕೊಡಲು ಕೂತ ಹುಡುಗಿ ಎರಡು ಸಲ ಓದಿದಳು, ಹೇಳ್ರಿ ಸರ್, ಬರ್ಕೋತೀನಿ, ಏನು ಹೇಳುವುದು, ಕೇಳಿದ್ದೇ ಇಲ್ಲವಲ್ಲ, ಹುಟ್ಟುಕುರುಡ ಇವನು, ಕಿವಿಗೆ ಬಿದ್ದದ್ದನ್ನು ಮರೆಯುವ ಆಸಾಮಿಯೇ ಅಲ್ಲ, ಬಿಡ್ರಿ ಯವ್ವಾ, ಮುಂದಿಂದು ಓದ್ರಿ ಅಂದುಬಿಟ್ಟ. ವಯಸ್ಸಿನ ಮಿತಿಗೆ ಇದೇ ಕಡೇ ಸಲ, ಊರು ಕುರ್ಡಿಯಲ್ಲಿ ಅವ್ವ ಸೂಗಮ್ಮ ಆಗಲೇ ಮಾಸ್ತರ ಅಂತ ಕರೆಯುತ್ತಾಳೆ, ಅಯ್ಯೋ ಅವ್ವಾ. ಆದರೆ ಕಿರಣಕುಮಾರ ಪುಸ್ತಕ ಪೂರ್ತಿ ಓದಿ ಹೇಳಿದ್ದನಲ್ಲ, ದೇವದುರ್ಗದ ಕಿರಣ, ಒಂದೇ ರೂಮು, ಒಂದೇ ಸ್ಟೋವ್, ಒಂದೇ ಪುಸ್ತಕ, ಇಬ್ಬರಿಗೂ ಒಂದೇ ಪರೀಕ್ಷೆ — ಅವನು ಗಟ್ಟಿಯಾಗಿ ಓದಬೇಕು, ಮುಖ್ಯ ಅನ್ನಿಸಿದಲ್ಲಿ ಇವನು ಮೇಜು ತಟ್ಟಬೇಕು, ಅವನು ಪೆನ್ಸಿಲಿನಿಂದ ಗೆರೆ ಎಳೆಯಬೇಕು, ಎರಡನೇ ಸಲ ಗೆರೆಯಷ್ಟೇ ಓದಿದರಾಯಿತು, ಹಾಗಂತ ಮಾತಾಗಿತ್ತು. ಕಡೇ ತಿಂಗಳು ಓದು ಓಡತೊಡಗಿತು, ತಾಸಿಗೆ ಹತ್ತಿದ್ದ ಪುಟ ಇಪ್ಪತ್ತಾಯಿತು, ಎಂಥಾ ನಾಲಿಗಿಲೇ ನಿಂದು ಅಂತ ಹಿಗ್ಗಿದವನು ಇವನೇ. ಒಂದು ಸಂಜೆ ದನಿ ನಿಂತಿತು, ಇವನು ಮೇಜು ತಟ್ಟಿರಲಿಲ್ಲ, ಸರ್ರ್ ಅಂತ ಪೆನ್ಸಿಲ್ ಕಾಗದದ ಮೇಲೆ ಹರಿಯಿತು, ಇನ್ನೊಮ್ಮೆ, ಸರ್ರ್ — ಏನಲೇ, ಓದ್ದೇ ಗೆರಿ ಹಾಕಾಕತ್ತೀದಿ? ಏನಿಲ್ಲ ಬಿಡೋ, ಪೆನ್ಸಿಲ್ ಚೂಪ ಮಾಡಾಕತ್ತೀನಿ, ಮುಂದ ಕೇಳು. ಚೂಪು ಮಾಡುವ ಸದ್ದೇ ಬೇರೆ, ಗೊತ್ತಿತ್ತು, ಗೊತ್ತಿದ್ದೂ ನಂಬಿದ.

ಇವತ್ತು ನಿಲ್ದಾಣದಲ್ಲಿ ಕಿರಣ ಪುಸ್ತಕವನ್ನು ಇವನ ಚೀಲಕ್ಕೆ ತುರುಕಿ, ನನಗಿನ್ನ ಬ್ಯಾಡೋ, ನಿನ್ನ ಹತ್ರನ ಇರಲಿ, ಅಂದು ದೇವದುರ್ಗದ ಬಸ್ಸು ಹತ್ತಿದ, ಕುರುಡನ ಕೈಗೆ ಹೋದ ಪುಸ್ತಕ ಬಾಯಿ ಬಿಡುವುದಿಲ್ಲ ಅಂದುಕೊಂಡನೇನೋ. ಪಕ್ಕದ ಸೀಟಿನ ಹುಡುಗಿ ಅಸ್ಮತ್ ಅಂತೆ, ಮಾನ್ವಿಯಲ್ಲಿ ಡಿಗ್ರಿ ಓದುತ್ತಾಳೆ, ಪುಸ್ತಕ ತೆಗೆದು ಅವಳ ಕೈಗಿಟ್ಟ, ತಂಗೀ, ಪರಿಹಾರ ಬೋಧನೆ ಅಂತ ಎಲ್ಲಿ ಅದ ನೋಡವಾ, ಇಲ್ಲೇ ಅದಣ್ಣಾ, ನಾಕೂ ಹಂತಕ್ಕ ಗೆರಿ ಎಳದಾರ, ಓದ್ಲೇನು? ನಿಧಾನಕ್ಕೆ ಓದಿದಳು, ಹಿಂದೆ ಬಿದ್ದ ಮಗುವಿಗೆ ಮತ್ತೊಮ್ಮೆ ಕಲಿಸುವ ಪಾಠವಂತೆ, ಒಂದು ಸಾಲೂ ಪರಿಚಯವಿಲ್ಲ, ಮುಂದಿನ ಗೆರಿ ಓದವಾ, ಅದೂ ಕೇಳಿದ್ದಲ್ಲ, ಮಗ್ಗಲಕ ಸಣ್ಣ ಅಕ್ಷರದಾಗ ಏನೋ ಬರದಾರಣ್ಣಾ — ಉದ್ದ ಅದ, ತಾಯಣ್ಣ ಮಲಗಿದ ಮ್ಯಾಲೆ ಓದೋದು, ಅಂತ. ಹೀಂಗ ಭಾಳ ಕಡಿ ಬರದಾರ, ತಾಯಣ್ಣ ಅಂದ್ರ ಯಾರಣ್ಣಾ? ಯಾರೋ ಗೊತ್ತಿಲ್ಲ ತಂಗೀ, ಅಂದ. ಥೂ ಪಾಪಿ ಕಿರಣಾ, ಅಂಗವಿಕಲರ ಆಯ್ಕೆಪಟ್ಟಿ ಬೇರೆ, ನಿನ್ನ ಪಟ್ಟಿ ಬೇರೆ, ನಾನು ಪಾಸಾದರೆ ನಿನ್ನ ಗಂಟೇನು ಹೋಗುತ್ತಿತ್ತು, ಗಟ್ಟಿಯಾಗಿ ಓದಿದರೆ ಹೊತ್ತು ಹೋಗುತ್ತದೆಂದು, ಬರೀ ಹೊತ್ತು ಉಳಿಸಲು, ಕಣ್ಣಿಲ್ಲದವನ ಕಿವಿಗೇ ಮಣ್ಣೆರಚಿದೆಯಲ್ಲೋ, ಒಂದೇ ಗಂಗಾಳದಲ್ಲಿ ಉಂಡವನೇ, ಮೇಜಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆನಲ್ಲೋ ನಾನು — ಇನ್ನ ಓದ್ಲೇನಣ್ಣಾ, ಅಸ್ಮತ್ ಕೇಳುತ್ತಿದ್ದಾಳೆ, ಕಂಡಕ್ಟರ್ ಏನೋ ಕೂಗುತ್ತಿದ್ದಾನೆ, ಗಾಜಿನ ಗಡಗಡವೂ ದೂರವಾಗುತ್ತಿದೆ, ಮತ್ತೆ ಅದೇ ರೂಮು, ಬೆರಳು ಮೇಜಿನ ಮೇಲಿದೆ, ದನಿ ನಿಂತಿದೆ, ಪೆನ್ಸಿಲ್ ಹರಿಯುತ್ತಿದೆ, ಸರ್ರ್.