ಬಾವುಟ ಕಟ್ಟಿದ ಕಾರುಗಳು

ಶನಿವಾರ ಹನ್ನೆರಡಕ್ಕೆ ಪುರಸಭೆಯ ನೋಂದಣಿ ಕೊಠಡಿ ಮುಚ್ಚುತ್ತದೆ. ಹನ್ನೊಂದು ಗಂಟೆ ಕಳೆದರೂ ನನ್ನ ಮಗಳು ಮಿರ್ನಳ ಮದುವೆಯ ಮೆರವಣಿಗೆ ನಮ್ಮ ಮನೆಯ ಗೇಟಿನ ಮುಂದೆಯೇ ನಿಂತಿತ್ತು.

ಅದು ತೊಂಬತ್ತೊಂದರ ಅಕ್ಟೋಬರ್, ದೇಶ ಒಡೆಯುತ್ತಿದ್ದ ಕಾಲ. ನದಿಯಾಚೆ ಕ್ರೊಯೇಷಿಯಾದಲ್ಲಿ ಸರ್ಬರಿಗೂ ಕ್ರೊವಾಟರಿಗೂ ನಡುವೆ ಆಗಲೇ ಗುಂಡು ಹಾರುತ್ತಿತ್ತು. ಈಚೆ ಬೋಸ್ನಿಯಾದ ನಮ್ಮೂರಿನಲ್ಲಿ ಇನ್ನೂ ಬರೀ ಮಾತು. ಮದುಮಗ ನೆಬೊಯ್ಶನಿಗೆ ಸೈನ್ಯದಿಂದ ಕರೆ ಬಂದಿತ್ತು, ಸೋಮವಾರ ಬೆಳಗ್ಗೆ ಹಾಜರಾಗಬೇಕು. ಅಷ್ಟರೊಳಗೆ ಮದುವೆ ಆಗಲೇಬೇಕೆಂದು ಮಿರ್ನ ಹಟ ಹಿಡಿದಿದ್ದಳು.

“ಅವನಿಗೇನಾದ್ರೂ ಆದ್ರೆ ನನಗೆ ಯಾರೂ ಸುದ್ದಿ ಕೂಡ ಹೇಳಲ್ಲಮ್ಮ. ಕಾಗದದಲ್ಲಿ ನಾನು ಅವನಿಗೆ ಯಾರೂ ಅಲ್ಲ.”



ಮೆರವಣಿಗೆ ನಿಂತದ್ದು ಮುಂದಿನ ಕಾರಿನ ಬಾವುಟದ ಜಗಳಕ್ಕೆ. ಹುಡುಗನ ಕಡೆಯವರು ಸರ್ಬರು. ಅವರ ಮನೆತನದ ಕೂಮ್, ಅಂದರೆ ನೆಬೊಯ್ಶನಿಗೆ ಹೆಸರಿಟ್ಟು ಇವತ್ತು ಮದುವೆಗೂ ಸಾಕ್ಷಿ ಹಾಕಬೇಕಾದ ಗೊಯ್ಕೊ, ಸರ್ಬರ ಹಳೆಯ ಬಾವುಟದಿಂದ ಕಮ್ಯುನಿಸ್ಟರ ಕೆಂಪು ನಕ್ಷತ್ರ ಕತ್ತರಿಸಿ ತೆಗೆದು, ಹೆಂಡತಿಯಿಂದ ತೇಪೆ ಹಾಕಿಸಿ ತಂದಿದ್ದ. ನಾವು ಕ್ರೊವಾಟರು. ನಮ್ಮ ಕಡೆಯ ಸಾಕ್ಷಿ ನನ್ನ ತಮ್ಮ ಸ್ತಿಪೊ, ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಮನೆಯ ಎಲ್ಲದಕ್ಕೂ ತಾನೇ ಯಜಮಾನ ಅಂದುಕೊಂಡವನು. ಅವನು ನಡುವೆ ಕೆಂಪು ಬಿಳಿ ಚೌಕಳಿಯಿದ್ದ ಕ್ರೊವಾಟರ ಹೊಸ ಬಾವುಟ ತಂದಿದ್ದ. ಎರಡರಲ್ಲೂ ಕೆಂಪು, ನೀಲಿ, ಬಿಳಿ ಅವೇ ಮೂರು ಬಣ್ಣ, ಪಟ್ಟೆಗಳ ಸಾಲು ಮಾತ್ರ ಬೇರೆ.

“ಹುಡುಗನ ಕಡೆ ಬಾವುಟ ಮುಂದೆ ಹೋಗೋದು ಪದ್ಧತಿ. ನಮ್ಮಜ್ಜನ ಕಾಲದಿಂದ ಇರೋದು,” ಎಂದ ಗೊಯ್ಕೊ.

“ನಿಮ್ಮಜ್ಜನ ಹತ್ರ ಕತ್ತೆ ಇತ್ತು, ಕಾರಿರಲಿಲ್ಲ,” ಎಂದ ಸ್ತಿಪೊ. “ಅದರ ಹಿಂದೆ ನಾನು ನಮ್ಮ ಬೀದೀಲಿ ಹೋದ್ರೆ ನಾಳೆ ತಲೆ ಎತ್ತೋದು ಹೇಗೆ?”

“ನಿಮ್ಮ ಮೇಜುಬಟ್ಟೆ ಹಿಂದೆ ನಾನು ಹೋಗ್ಬೇಕಾ?”

“ಎರಡೂ ಬೇಡ, ಒಂದು ಬಿಳೀ ಟವೆಲ್ ಕಟ್ಟಿ,” ಎಂದೆ ನಾನು.

“ಬಿಳೀದು ಶರಣಾದವರು ಕಟ್ಟೋದು. ಅಕ್ಕ, ನೀನು ಒಳಗೆ ಹೋಗು. ಇದು ಗಂಡಸರ ವಿಷಯ.”

“ಗಂಡಸರ ವಿಷಯಕ್ಕೆ ಹನ್ನೆರಡಕ್ಕೆ ಬೀಗ ಹಾಕ್ತಾರೆ ಕಣೋ.”

ನನ್ನ ಮದುವೆಯಲ್ಲಿ ಯಾವ ಬಾವುಟವಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಬಾವುಟದ ಕೋಲಿನ ತುದಿಗೆ ಚುಚ್ಚಿದ್ದ ಸೇಬು ಮಾತ್ರ ನೆನಪಾಯಿತು. ಇಪ್ಪತ್ತೈದು ವರ್ಷ ಈ ಗಂಡಸರಿಗೆ ಅಡುಗೆ ಮಾಡಿ ಬಡಿಸಿದ್ದೇನೆ. ಬಣ್ಣದ ಪಟ್ಟೆಗಳ ಬಗ್ಗೆ ಇವರಿಗೆ ಇಷ್ಟು ಸಂಕಟವಿದೆ ಎಂದು ಒಮ್ಮೆಯೂ ಗೊತ್ತಾಗಿರಲಿಲ್ಲ.

ಕೊನೆಗೆ ಯಾರೋ ರಾಜಿ ಮಾಡಿಸಿದರು: ಎರಡು ಕಾರೂ ಅಕ್ಕಪಕ್ಕ ಹೋಗಲಿ. ಎಲ್ಲರೂ ಒಪ್ಪಿದರು. ನಮ್ಮ ಬೀದಿಯಲ್ಲಿ ಒಂದೂವರೆ ಕಾರಿನಷ್ಟೇ ಜಾಗವಿದೆ ಎಂಬುದು ಅಲ್ಲೇ ಹುಟ್ಟಿ ಬೆಳೆದ ಸ್ತಿಪೊನಿಗೂ ಹೊಳೆಯಲಿಲ್ಲ. ಬೇಕರಿಯ ಹತ್ತಿರ ಎರಡೂ ಕಾರುಗಳು ಗೋಡೆಗೂ ದೀಪದ ಕಂಬಕ್ಕೂ ನಡುವೆ ಸಿಕ್ಕಿಕೊಂಡು ನಿಂತವು. ಹಿಂದೆ ಹನ್ನೊಂದು ಕಾರು ಹಾರ್ನ್ ಹೊಡೆಯುತ್ತಿದ್ದವು.

“ನೀವು ಹಿಂದಕ್ಕೆ ತಗೊಳ್ಳಿ,” ಎಂದ ಗೊಯ್ಕೊ.

“ನೀವೇ ತಗೊಳ್ಳಿ. ನಾವು ಹಿಂದಕ್ಕೆ ಹೋಗೋ ಪೈಕಿ ಅಲ್ಲ.”

ಗಂಟೆ ಹನ್ನೊಂದೂ ಮುಕ್ಕಾಲು. ಮೂರನೆಯ ಕಾರಿನ ಬಾಗಿಲು ತೆರೆದು ನಾನು ಮಿರ್ನಳ ಕೈ ಹಿಡಿದೆ. “ಇಳಿ. ನಡೆದು ಹೋಗೋಣ.” ನೆಬೊಯ್ಶನೂ ಇಳಿದ. ಅವನ ತಾಯಿ ದೆಸಾಂಕಳೂ ಕೈಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ಬಂದಳು.

ನೋಂದಣಿ ಅಧಿಕಾರಿ ಫಾಹಿರ ಕೋಟು ಹಾಕಿಕೊಂಡು ನಿಂತಿದ್ದರು.

“ಸಾಕ್ಷಿಗಳೆಲ್ಲಿ?”

“ಬೇಕರಿ ಹತ್ರ ಸಿಕ್ಕಿಹಾಕ್ಕೊಂಡಿದ್ದಾರೆ.”

“ಇಬ್ಬರು ಇಲ್ದೆ ಆಗಲ್ಲಮ್ಮ.”

“ನಾವಿಬ್ಬರಿಲ್ವಾ?” ಎಂದೆ.

“ತಾಯಂದಿರು ಸಾಕ್ಷಿ ಹಾಕಿದ್ದು ನಾನು ನೋಡಿಲ್ಲ.”

“ಕಾನೂನಲ್ಲಿ ಬೇಡ ಅಂತಿದೆಯಾ?”

ಅವರು ಯೋಚಿಸಿದರು. “ಇಲ್ಲ. ಗುರುತಿನ ಚೀಟಿ ಕೊಡಿ, ಬೇಗ. ಸೋಮವಾರ ಈ ಫಾರಂ ಮೇಲೆ ಯಾವ ದೇಶದ ಹೆಸರಿರುತ್ತೋ ನನಗೂ ಗೊತ್ತಿಲ್ಲ.”

ನಾನು ರುಜು ಹಾಕಿ ಪೆನ್ನು ಚಾಚಿದೆ. ದೆಸಾಂಕ ತೆಗೆದುಕೊಳ್ಳಲಿಲ್ಲ.

“ಕೂಮ್‌ನ ಬಿಟ್ಟು ಮದುವೆ ಮಾಡಿದ್ರೆ ಗೊಯ್ಕೊ ಇನ್ನು ನಮ್ಮನೆ ಹೊಸ್ತಿಲು ತುಳಿಯಲ್ಲ, ಬೀಗಿತ್ತಿ,” ಎಂದಳು. “ನನ್ನ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಅವನು.”

ನನಗೆ ರೇಗಿತು. ಅವಳ ಮೇಲಲ್ಲ. ಬೀದಿಯಲ್ಲಿ ಕಾರು ಹಿಂದಕ್ಕೆ ತೆಗೆಯದ ಇಬ್ಬರಿಗಾಗಿ ಇವಳು ಇಲ್ಲಿ ಇಂಥ ಲೆಕ್ಕ ಹಾಕಬೇಕಾಯಿತಲ್ಲ ಎಂದು. ಪೆನ್ನು ಹಿಡಿದೇ ನಿಂತೆ. ದೆಸಾಂಕ ಮಗನ ಮುಖ ನೋಡಿದಳು, ಮತ್ತೆ ಸೋಮವಾರವನ್ನು ನೆನೆದಳೋ ಏನೋ, ಪೆನ್ನು ಕಿತ್ತುಕೊಂಡು ಕಾಗದ ಹರಿಯುವಂತೆ ಒತ್ತಿ ಹೆಸರು ಬರೆದಳು.

ನಾವು ಮೆಟ್ಟಿಲಿಳಿಯುವಾಗ ಗೊಯ್ಕೊ ಮತ್ತು ಸ್ತಿಪೊ ಹೆಗಲ ಮೇಲೆ ಬಾವುಟ ಹೊತ್ತು, ಏದುಸಿರು ಬಿಡುತ್ತ ಓಡಿ ಬಂದರು.

“ಆಯ್ತು,” ಎಂದೆ.

“ಸಾಕ್ಷಿ ಯಾರು ಹಾಕಿದ್ದು?” ಗೊಯ್ಕೊ ಕೇಳಿದ.

“ನಾವಿಬ್ಬರೇ.”

“ಹೆಂಗಸರಾ?” ಎಂದ ಸ್ತಿಪೊ. “ಹಡೆದವರೇ ಸಾಕ್ಷಿ ಹಾಕೋದಾ? ಎಲ್ಲಾದ್ರೂ ಉಂಟಾ?”

“ಎಲ್ಲೂ ಇಲ್ಲ,” ಎಂದ ಗೊಯ್ಕೊ. “ಸರಿಯಾಗಿ ಹೇಳಿದ್ರಿ. ಒಂದು ಕ್ರಮ ಬೇಡ್ವಾ? ನಾವೇನು ಸತ್ತಿದ್ವಾ?”

“ಅದನ್ನೇ ನಾನೂ ಕೇಳ್ತಿರೋದು ಬೀಗರೇ.”

ದೆಸಾಂಕ ನನ್ನ ತೋಳಿಗೆ ತೋಳು ಹೆಣೆದಳು. 

“ನಡೀರಿ ಬೀಗಿತ್ತಿ,” ಎಂದಳು. “ಬೆಳಗ್ಗೆಯಿಂದ ಕಿತ್ತಾಡಿ ಈಗ ಒಂದಾಗಿದ್ದಾರೆ. ನಮ್ಮನ್ನ ಬಯ್ಕೊಳ್ಳಲಿ ಬಿಡಿ.”