ಸಿಗರೇಟು ಬಿಟ್ಟ ಅಡುಗೆಯವನ ಸೂಪು

ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವನಿಗೆ ಸಿಗರೇಟು ಬಿಡಿಸಿದ್ದು ಹೆಂಡತಿಯ ಗೋಳಲ್ಲ, ಪ್ಯಾಕೆಟ್ಟಿನ ಮೇಲಿನ ಭಯಂಕರ ಚಿತ್ರವೂ ಅಲ್ಲ, ಅವನದೇ ಎಡಗಾಲು. ಬಸ್ಸಿಳಿದು ಗೇಟಿಗೆ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಕಂಬ ಕಂಡಲ್ಲೆಲ್ಲ ಒರಗಿ ನಿಲ್ಲುವಂತಾಗಿತ್ತು. ಡಾಕ್ಟರಮ್ಮ ಪಾದದಲ್ಲಿ ನಾಡಿ ಹುಡುಕಿ ಹುಡುಕಿ ಸಾಕಾಗಿ ತಲೆಯೆತ್ತಿದರು.

"ಹೊಗೆಯಿಂದ ರಕ್ತನಾಳ ಕಟ್ಟಿಕೊಳ್ತಾ ಬಂದಿದೆ. ಬಿಟ್ರೆ ಕಾಲು ಉಳಿಸಬಹುದು. ಬಿಡದಿದ್ರೆ ಕತ್ತರಿಸಬೇಕಾದೀತು. ಮುಚ್ಚುಮರೆ ಯಾಕೆ, ಇದ್ದದ್ದು ಹೇಳ್ದೆ."

ದಿನವಿಡೀ ಒಲೆಯ ಮುಂದೆ ನಿಲ್ಲುವವನಿಗೆ ಕಾಲು ಹೋದರೆ ಉಳಿಯುವುದೇನು? ಅಂದೇ ಬಿಟ್ಟ. ಬಿಟ್ಟ ಹೊಸದರಲ್ಲಿ ಅವನ ಸಿಡುಕು ಕೇಳುವುದೇ ಬೇಡ. ಸೌಟಿನ ಮೇಲೆ ರೇಗಿದ, ಕುಕ್ಕರಿಗೆ ಬೈದ, ಗೋಡೆಯೊಂದಿಗೂ ಜಗಳಕ್ಕೆ ನಿಂತ. ಆಮೇಲೆ ಮೆಲ್ಲಗೆ ಬೆಳಗಿನ ಕೆಮ್ಮು ಇಳಿಯಿತು. ಒರಗುವ ಕಂಬಗಳು ಕಡಿಮೆಯಾದವು. ಒಂದು ದಿನ ಈರುಳ್ಳಿ ಹುರಿಯುತ್ತಿದ್ದಾಗ ಘಮ ಮೂಗಿಗೆ ಹೊಡೆದು, ಬೆಪ್ಪನಂತೆ ಬಾಣಲೆ ನೋಡುತ್ತ ನಿಂತುಬಿಟ್ಟ.

ನಾಲಿಗೆಯೂ ಎಚ್ಚರವಾಯಿತು. ಅಲ್ಲೇ ಶುರುವಾದದ್ದು ಫಜೀತಿ. ಅವನು ಉಪ್ಪನ್ನು ಎಂದೂ ಅಳೆದು ಹಾಕಿದವನಲ್ಲ. ನಾಲಿಗೆ ಸಾಕೆಂದಲ್ಲಿಗೆ ಕೈ ನಿಲ್ಲುತ್ತಿತ್ತು. ಈಗ ನಾಲಿಗೆ ಬೇಗನೇ ಸಾಕೆನ್ನುತ್ತಿತ್ತು. ಸೂಪು ಅಮೃತದಂತಿದೆಯೆಂದು ಖುಷಿಯಿಂದ ತನಗೊಂದು ಬಟ್ಟಲು ತೆಗೆದಿಟ್ಟು, ಪಾತ್ರೆಯನ್ನು ಬಡಿಸುವ ಕಟ್ಟೆಗೆ ಕಳಿಸಿದರೆ, ಅಲ್ಲಿಂದ ತಟ್ಟೆಗಳು ತುಂಬಿದಂತೆಯೇ ವಾಪಸಾಗುತ್ತಿದ್ದವು.

"ಏನ್ ಮಾಸ್ಟ್ರೇ, ಕೈ ತೊಳೆದ ನೀರಿಗೆ ಕ್ಯಾರೆಟ್ ಹಾಕಿದ್ರಾ?" ಎಂದು ವೆಲ್ಡರ್ ಒಬ್ಬ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಡುಗೆಯವನು ನಗಲಿಲ್ಲ. ಉಪ್ಪು ಹೆಚ್ಚಿಸಿ ನೋಡಿದ, ಅವನಿಗೇ ಬಾಯಿಗಿಡಲಾಗಲಿಲ್ಲ. ಬಾಯಿಗಿಡಲಾಗದ್ದನ್ನು ಬಡಿಸಲು ಕೈ ಬರಲಿಲ್ಲ. ಕೊನೆಗೆ ಮ್ಯಾನೇಜರ್ ಕರೆದು, "ಈ ವಾರ ನೋಡ್ತೀನಿ. ಸರಿಹೋಗದಿದ್ರೆ ಬೇರೆಯವರನ್ನ ಕರೆಸ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು.

ಸೇದುತ್ತಿದ್ದಾಗ ಇದೇ ಜನ ತಟ್ಟೆ ನೆಕ್ಕುತ್ತಿದ್ದರು! ಬಿಟ್ಟದ್ದರಿಂದಲೇ ನಾಲಿಗೆ ಕೆಟ್ಟಿತು, ಅದರಲ್ಲಿ ಅನುಮಾನವೇ ಇಲ್ಲ. ಊಟದ ಗದ್ದಲ ಮುಗಿದ ಮೇಲೆ ಲಾರಿ ಡ್ರೈವರೊಬ್ಬನಿಂದ ಒಂದು ಸಿಗರೇಟು ಕೇಳಿ ತಂದು, ಹಿತ್ತಲಿನ ಗ್ಯಾಸ್ ಸಿಲಿಂಡರುಗಳಿಂದ ದೂರ ಹೋಗಿ ನಿಂತ. ಬೆಂಕಿಕಡ್ಡಿ ಗೀರುವಷ್ಟರಲ್ಲಿ ಅತ್ತಿಗೆ ಕಸದ ಬಕೆಟ್ಟು ಹಿಡಿದು ಹೊರಗೆ ಬಂದರು.

ಅತ್ತಿಗೆ ಎಂದರೆ ತೀರಿಹೋದ ಅಣ್ಣನ ಹೆಂಡತಿ. ಅದೇ ಕ್ಯಾಂಟೀನಿನ ಬಡಿಸುವ ಕಟ್ಟೆ ಅವರದು.

"ನಂಗೊತ್ತಿತ್ತು," ಎಂದರು ಅವರು. "ಕದ್ದು ಸೇದ್ತಾನೇ ಇದೀಯ ಅಂತ."

"ಬಿಟ್ಟಾಗಿಂದ ಒಂದೂ ಮುಟ್ಟಿಲ್ಲ ಅತ್ತಿಗೆ! ಇವತ್ತು ಸೇದ್ತೀನಿ. ಕಾಲು ಹೋದ್ರೆ ಹೋಗ್ಲಿ, ನಾಲಿಗೆ ವಾಪಸ್ ಬರ್ಲಿ. ನನ್ನ ಕೈರುಚಿ ಹೋಯ್ತಲ್ಲ, ಕಾಣ್ತಿಲ್ವಾ ನಿಮಗೆ?"

ಅತ್ತಿಗೆ ಬಕೆಟ್ಟು ಕೆಳಗಿಟ್ಟರು. ಅವರ ಮುಖ ಸಪ್ಪಗಾಯಿತು.

"ನಿನ್ನ ಕೈರುಚಿ ಎಲ್ಲಿಗೂ ಹೋಗಿಲ್ಲ ಮೈದುನಪ್ಪ. ನಾನೇ ನೀರು ಬೆರೆಸ್ತಿದ್ದೆ."

"ಏನು?"

"ತರಕಾರಿ ಬೇಯಿಸಿದ ನೀರು, ಉಪ್ಪಿಲ್ಲದ್ದು. ಸೇದಿ ಸೇದಿ ನಿನ್ನ ನಾಲಿಗೆ ಸತ್ತು ಎಷ್ಟೋ ವರ್ಷ ಆಯ್ತು. ನೀನು ಕಳಿಸೋ ಸೂಪು ಬರೀ ಉಪ್ಪು. ಹೇಳಿದ್ರೆ ನೊಂದ್ಕೋತೀಯ, ಕೆಲಸಕ್ಕೂ ಕುತ್ತು. ಪಾತ್ರೆ ಕಟ್ಟೆಗೆ ಬಂದ ಕೂಡ್ಲೇ ಒಂದು ಬಿಂದಿಗೆ ಸುರೀತಿದ್ದೆ. ಈಗೀಗ ರುಚಿ ನೋಡೋದೂ ಬಿಟ್ಟಿದ್ದೆ, ಕೈಗೆ ಅಷ್ಟು ರೂಢಿ."

ಅವನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಇಷ್ಟು ವರ್ಷ ತಾನು ಮೀಸೆಯಡಿ ನಗುತ್ತ ಬಾಚಿಕೊಂಡ ಹೊಗಳಿಕೆಯಲ್ಲಿ ಅರ್ಧ ಈ ಹೆಂಗಸಿನದು.

"ನಾನು ಬಿಟ್ಟ ಮೇಲಾದ್ರೂ ನಿಲ್ಲಿಸಬಾರದಿತ್ತಾ? ತಟ್ಟೆ ವಾಪಸ್ ಬರೋದು ಕಾಣ್ಲಿಲ್ವಾ?"

"ಕಾಣ್ತು. ಕಾಲಿನ ಚಿಂತೇಲಿ ಅಡುಗೆ ಕೆಡಿಸ್ತಿದಾನೆ ಅಂದ್ಕೊಂಡೆ. ನೀನು ಬಿಟ್ಟೆ ಅನ್ನೋದನ್ನ ನಾನು ನಂಬ್ಲೇ ಇಲ್ಲ," ಎಂದರು ಅತ್ತಿಗೆ. "ನಿಮ್ಮಣ್ಣ ಪ್ರತಿ ಸಲ ಕೆಮ್ಮು ಬಂದಾಗ್ಲೂ ಬಿಟ್ಟೆ ಅಂತಿದ್ರು. ಮನೆಗೆ ಬಂದ್ರೆ ಅಂಗಿ ಮೂಸ್ತಿದ್ದೆ. ಒಂದು ದಿನಾನೂ ನಿಜ ಆಗ್ಲಿಲ್ಲ. ಆಸ್ಪತ್ರೇಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದಾಗ್ಲೂ ದಿಂಬಿನ ಕೆಳಗೆ ಪ್ಯಾಕೆಟ್ ಇತ್ತು."

ಅಡುಗೆಯವನು ಸಿಗರೇಟನ್ನು ಬೆರಳಲ್ಲೇ ಪುಡಿಮಾಡಿ ಕಸದ ಬಕೆಟ್ಟಿಗೆ ಹಾಕಿ, ಹತ್ತಿರ ಬಂದು ಅಂಗಿಯ ಕಾಲರು ಬಿಡಿಸಿ ಹಿಡಿದ.

"ಮೂಸಿ ನೋಡಿ."

ಅತ್ತಿಗೆ ಹಿಂಜರಿದರು. ಆಮೇಲೆ ಬಗ್ಗಿ ಮೂಸಿದರು. ನಂಬಿಕೆ ಸಾಲದೆ ಇನ್ನೊಮ್ಮೆ ಮೂಸಿದರು. ಈರುಳ್ಳಿ, ಸೋಪು, ಬೆವರು. ಬೇರೇನೂ ಇರಲಿಲ್ಲ. ಅವರು ಆ ಕಾಲರನ್ನೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಣ್ಣ ಹೋದ ದಿನವೂ ಅವರು ಹೀಗೆ ಅತ್ತದ್ದನ್ನು ಮೈದುನ ಕಂಡಿರಲಿಲ್ಲ.