ದಮ್ಮು ಹತ್ತಿದ ದಿನ

"ತಲಿ ಹಿಡೀರಿ, ವಾಲ್ತದ!" ಎಂದು ಕಮಲಾಬಾಯಿ ಗದರಿದಳು. ಆದರೆ ಜಯಮಾಲಾಳ ತಲೆ ವಾಲಲಿಲ್ಲ.

ನಾಶಿಕ್ ರೋಡಿನ ಎರಡು ಕೋಣೆಯ ಮನೆಯಲ್ಲಿ ಹೆಣವನ್ನು ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸುತ್ತಿದ್ದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಕಮಲಾಬಾಯಿ ಸತ್ತವಳ ಗಂಡ ಗುರುಲಿಂಗಪ್ಪನ ಅಕ್ಕ. ಮೂಲ ಊರಾದ ಭಾಲ್ಕಿಯಲ್ಲೂ ಇಲ್ಲಿಯೂ ಎಷ್ಟೋ ಹೆಣಗಳನ್ನು ಕೂರಿಸಿದ ಗಟ್ಟಿ ಹೆಂಗಸು. ತಲೆ ನಿಲ್ಲಿಸಲೆಂದು ಕಿಟಕಿಯ ಸರಳಿಗೆ ಕಟ್ಟಲು ತಂದಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಇಷ್ಟು ಹಗೂರ ಕೂತ ಹೆಣ ನಾ ನೋಡೇ ಇಲ್ಲೋ ಗುರ್ಲಿಂಗಾ. ದಿನಾ ರೂಢಿ ಇದ್ದಂಗ ಕೂತಾಳ ನೋಡು."

ಗುರುಲಿಂಗಪ್ಪ ವಿಭೂತಿ ತೇಯುತ್ತಿದ್ದ. ಕೈ ನಿಂತಿತು. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

ಮಗ ಶಿವಲಿಂಗ ಬೆಳಿಗ್ಗೆಯಷ್ಟೇ ಸಂಭಾಜಿನಗರದಿಂದ ಬಂದಿದ್ದ. ಅತ್ತು ಅತ್ತು ಅವನ ದನಿ ಒಡೆದಿತ್ತು. "ಬುಧವಾರ ಡ್ರಿಪ್ಪು ಮುಗಿಸಿ ನಾನೇ ಟ್ರೇನಿಗೆ ಹತ್ತಿಸೀನಿ. ನಕ್ಕೋತ ಹೋದ್ಲು ಅವ್ವ. ಐದೇ ದಿನ! ಆ ಡಾಕ್ಟರ್ ಸುಮ್ ಸುಮ್ನ ಪ್ರಯೋಗ ಮಾಡಿ ಕೊಂದಾನ. ನಾಳೆ ಹೋಗಿ ಕಾಲರ್ ಹಿಡೀತೀನಿ, ಪೊಲೀಸ್ ಕಂಪ್ಲೇಂಟೂ ಕೊಡ್ತೀನಿ. ಅಪ್ಪಾ, ದಮ್ಮು ಹತ್ತಿ ಉಸಿರು ಕಟ್ಟಿದ್ದು ನಿನ್ನಿನೇ ಹೌದಲ್ರಿ?"

"ಹೂಂ. ನಿನ್ನಿನೇ."

ಬೆಳಗಿನಿಂದ ಬಂದವರಿಗೆಲ್ಲ ಗುರುಲಿಂಗಪ್ಪ ಇದೇ ಸುಳ್ಳನ್ನು ಹೇಳಿದ್ದ. ಹೇಳಿದಷ್ಟೂ ಅದು ಸಲೀಸಾಗುತ್ತಿತ್ತು, ಅವನಿಗೆ ಅದೇ ಹೇಸಿಗೆ.

ಸುತ್ತ ಕೂತ ಹೆಂಗಸರಲ್ಲಿ ಜಯಮಾಲಾ ಫಾಲ್ ಹಚ್ಚದ ಸೀರೆ ಉಟ್ಟವಳು ಸಿಗುವುದು ಕಷ್ಟ. ಮೂವತ್ತು ವರ್ಷ ಆಕೆ ಅದನ್ನೇ ಮಾಡಿದಳು, ಫಾಲ್ ಮತ್ತು ಪಿಕೋ. ಬೀಡಿ ಹಾಗಿರಲಿ, ಅಡಿಕೆ ಚೂರನ್ನೂ ಬಾಯಿಗೆ ಹಾಕಿದವಳಲ್ಲ. ಅಂಥವಳ ಶ್ವಾಸಕೋಶಕ್ಕೇ ಕ್ಯಾನ್ಸರ್ ಬಂದಾಗ ಗಲ್ಲಿಯ ಜನ ನಂಬಲೇ ಇಲ್ಲ.

*

ಮೂರು ವರ್ಷ ದಿನಕ್ಕೊಂದು ಗುಳಿಗೆ ಅದನ್ನು ತಡೆದು ಹಿಡಿದಿತ್ತು. ಆಮೇಲೆ ಗುಳಿಗೆಗೆ ಬಗ್ಗದೆ ಗಂಟು ಮತ್ತೆ ಬೆಳೆಯಿತು. ಸಂಭಾಜಿನಗರದ ಆಸ್ಪತ್ರೆಯಲ್ಲಿ ಹೊಸ ಔಷಧದ ಪ್ರಯೋಗ ನಡೆದಿದೆ ಎಂದು ಶಿವಲಿಂಗನೇ ಪತ್ತೆ ಹಚ್ಚಿ ಕರೆಸಿಕೊಂಡ. ಅಲ್ಲಿನ ನರ್ಸು ಅಪೇಕ್ಷಾ ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದಳು. ಗುಳಿಗೆ ಬಿಡುವಂತಿಲ್ಲ, ಅದು ಗಂಟು ಬೆಳೆಯುವ ಸ್ವಿಚ್ಚನ್ನು ಬಂದ್ ಮಾಡುತ್ತದೆ. ಅದರ ಜೊತೆ ಮೂರು ವಾರಕ್ಕೊಂದು ಡ್ರಿಪ್ಪು. ಡ್ರಿಪ್ಪಿನ ಔಷಧ ಕ್ಯಾನ್ಸರಿನ ಕಣವನ್ನು ಗುರುತು ಹಿಡಿದು, ಅದರ ಒಳಗೇ ಹೊಕ್ಕು ವಿಷ ಬಿಡುತ್ತದೆ. ಆದರೆ ಒಂದು ಭಯವಿದೆ. ಕೆಲವರಿಗೆ ಈ ಔಷಧದಿಂದಲೇ ಶ್ವಾಸಕೋಶ ಬಾತುಕೊಳ್ಳುತ್ತದೆ. ಒಣಕೆಮ್ಮು ಬಂದರೆ, ದಮ್ಮು ಹತ್ತಿದರೆ ಅದೇ ದಿನ ಫೋನ್ ಮಾಡಬೇಕು. ಬೇಗ ತಿಳಿದರೆ ಡ್ರಿಪ್ಪು ನಿಲ್ಲಿಸಿ ಉಳಿಸಿಕೊಳ್ಳಬಹುದು.

ಎರಡು ಡ್ರಿಪ್ಪಿಗೆ ಗಂಟು ಅರ್ಧವಾಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ಆ ದಿನ ವಾಪಸ್ ಬರುವಾಗ ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿಯ ವಾಸನೆ ರೈಲಿನ ಡಬ್ಬಿಯೊಳಗೆ ನುಗ್ಗಿತು. "ಹಸಿವಿ ಆಗ್ಯಾದ್ರಿ" ಎಂದಳು ಜಯಮಾಲಾ. ಎರಡು ವಡಾಪಾವ್ ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಗುರುಲಿಂಗಪ್ಪ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ. ಅಷ್ಟು ಸಂತೋಷವಾಗಿತ್ತು ಅವನಿಗೆ.

ಮೂರನೆಯ ಡ್ರಿಪ್ಪಾದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಆಕೆ ಗೋಡೆಗೊರಗಿ ಕೂತಿದ್ದಳು.

"ಮಲಗಿದ್ರ ಉಸಿರು ಸಿಗ್ವಲ್ದುರೀ."

ಅವನು ಮೊಬೈಲು ತೆಗೆದ. ಆಕೆ ಮಣಿಕಟ್ಟು ಹಿಡಿದಳು.

"ಹೇಳಬ್ಯಾಡ್ರಿ. ಹೇಳಿದ್ರ ನಿಲ್ಲಸ್ತಾರ. ಇದೊಂದೇ ಔಷಧ ನನಗ ಹತ್ತ್ಯಾದ. ಇದೂ ನಿಂತ್ರ ನಾ ಹೋದ್ನೇ ಅಲ್ಲ?"

"ಆ ನರ್ಸ್ ಪೋರಿ ಹೇಳಿದ್ದು ಮರ್ತ್ಯಾ?"

"ಥಂಡಿ ಆಗಿರ್ಬೇಕು. ಹೋಗ್ತದ ಬಿಡ್ರಿ."

ಅವನು ಬಿಟ್ಟ. ಹೆಂಡತಿಯ ಮಾತಿಗೆ ಕಟ್ಟುಬಿದ್ದು ಅಲ್ಲ, ಥಂಡಿಯೇ ಆಗಿರಲಿ ಎಂದು ಅವನಿಗೂ ಬೇಕಾಗಿತ್ತು. ವಾರವಿಡೀ ಆಕೆ ಕೂತೇ ನಿದ್ದೆ ಮಾಡಿದಳು. ಬುಧವಾರ ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್ಪಿನ ಅಂಕಿ ಅಷ್ಟೇನೂ ಕೆಟ್ಟಿರಲಿಲ್ಲ. ಕೆಮ್ಮು ಇದೆಯಾ, ದಮ್ಮು ಹತ್ತುತ್ತದೆಯಾ ಎಂದು ಅಪೇಕ್ಷಾ ಕೇಳಿದಳು. ಜಯಮಾಲಾ ಗಂಡನ ಮುಖ ನೋಡಿದಳು.

"ನಾಹೀ," ಎಂದ ಗುರುಲಿಂಗಪ್ಪ.

ನಾಲ್ಕನೆಯ ಡ್ರಿಪ್ಪು ಏರಿತು.

*

ರುದ್ರಭೂಮಿಯಲ್ಲಿ ಅಪ್ಪ ಮಗ ಇಬ್ಬರೂ ಗುಂಡಿಗಿಳಿದು ಆಕೆಯನ್ನು ಅದರ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟರು, ಮೇಲೆ ಬಿಲ್ವಪತ್ರೆ. ಶಿವಲಿಂಗ ಮೊದಲು ಮೇಲೆ ಹತ್ತಿದ. ಅಯ್ಯನವರು ಮಂತ್ರ ಹೇಳುತ್ತಿದ್ದಾಗ ಅವನ ಮೊಬೈಲು ಬಡಿದುಕೊಂಡಿತು.

"ಆ ನರ್ಸು ಅಪೇಕ್ಷಾ. ದಮ್ಮು ಯಾವಾಗ ಹತ್ತಿತು ಅಂತ ಬೆಳಗಿಂದ ಮೂರ್ನೇ ಸಲ!" ಎಂದವನು ಫೋನಿಗೆ ಮರಾಠಿಯಲ್ಲಿ ಕೂಗಾಡಿದ. ನಿನ್ನೆಯೇ ದಮ್ಮು ಹತ್ತಿದ್ದು, ಎಷ್ಟು ಸಲ ಹೇಳಬೇಕು, ನಿಮ್ಮ ಡಾಕ್ಟರನ್ನು ಜೈಲಿಗೆ ಹಾಕಿಸದೆ ಬಿಡುವುದಿಲ್ಲ ಎಂದ.

"ಶಿವಾ, ಇಲ್ಲಿ ಕೊಡು," ಎಂದ ಗುರುಲಿಂಗಪ್ಪ ಗುಂಡಿಯೊಳಗಿನಿಂದ.

"ನೀವ್ ಯಾಕ್ರಿ?"

"ಕೊಡಂದ್ರ ಕೊಡು."

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಎಲ್ಲರಿಗೂ ಕೇಳುವಷ್ಟು ಜೋರಾಗಿ ಮರಾಠಿಯಲ್ಲಿ ಹೇಳಿದ. ನಿನ್ನೆಯಲ್ಲಮ್ಮ, ಹನ್ನೆರಡು ದಿನವಾಯಿತು. ಬುಧವಾರ ನೀನು ಕೇಳಿದೆ, ನಾನು ಸುಳ್ಳು ಹೇಳಿದೆ. ಆ ಕಡೆಯ ಹುಡುಗಿ ತಾರೀಖನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡಳು. ಇದೇ ಔಷಧದ ಮೇಲೆ ಇನ್ನೂ ಹನ್ನೊಂದು ಮಂದಿ ಇದ್ದಾರೆ ಕಾಕಾ, ಎಲ್ಲರಿಗೂ ಈಗಲೇ ಫೋನ್ ಮಾಡಿ ಕೇಳುತ್ತೇನೆ ಎಂದಳು.

ಅಯ್ಯನವರ ಮಂತ್ರ ನಿಂತಿತ್ತು. "ಅಯ್ಯೋ ಶಿವನೇ," ಎಂದು ಕಮಲಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಮಗ ಗೊತ್ತಿತ್ತೇನ್ರಿ?" ಎಂದ ಶಿವಲಿಂಗ. ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಿತ್ತು. ಆಕಿ ಬ್ಯಾಡ ಅಂದ್ಲು. ನನಗೂ... ನನಗೂ ಆಸಿ ಇತ್ತೋ ಶಿವಾ."

ಗುರುಲಿಂಗಪ್ಪ ಮೊಬೈಲನ್ನು ಮೇಲೆ ಚಾಚಿದ. ಮಗ ಬಗ್ಗಿ ತೆಗೆದುಕೊಂಡ. ಆಮೇಲೆ ಅಪ್ಪ ಮೇಲೆ ಹತ್ತಲೆಂದು ಅದೇ ಕೈಯನ್ನು ಮತ್ತೆ ಚಾಚಿದ. ಶಿವಲಿಂಗ ಮೊಬೈಲನ್ನು ಜೇಬಿಗಿಟ್ಟು, ಮಣ್ಣಿನ ಗುಡ್ಡೆಯಿಂದ ಒಂದು ಹಿಡಿ ತುಂಬಿಕೊಂಡು ಅಲ್ಲೇ ನಿಂತ. ಸುತ್ತಲಿನವರೂ ಹಿಡಿ ಮಣ್ಣು ಹಿಡಿದು ಅವನನ್ನೇ ನೋಡುತ್ತಿದ್ದರು. ಕೆಳಗೆ, ಕೂತ ಹೆಂಡತಿಯ ಪಕ್ಕದಲ್ಲಿ, ಚಾಚಿದ ಕೈಯನ್ನು ಇಳಿಸದೆ ಗುರುಲಿಂಗಪ್ಪ ನಿಂತೇ ಇದ್ದ.